ರತ್ನಗಂಬಳಿ ತೊಳೆಯುವುದಕ್ಕೂ ವಿದ್ಯೆ ಬೇಕೇ?

ನಮ್ಮ ಮನೆಯ ಹಜಾರದಲ್ಲಿ ಒಂದು ರತ್ನಗಂಬಳಿ ಇದೆ. ಒಂಬತ್ತು ಅಡಿ ಉದ್ದ, ಆರು ಅಡಿ ಅಗಲ. ಕೆನೆಬಣ್ಣದ ನೆಲ, ಅದರ ಮೇಲೆ ದಾಳಿಂಬೆಯ ಕೆಂಪಿನ ಬಳ್ಳಿಗಳು. ನನ್ನ ತಂದೆಯವರು ಕಾಶಿಯಾತ್ರೆಗೆ ಹೋದಾಗ ಗಂಗಾಜಲದ ತಂಬಿಗೆಯ ಜೊತೆಗೆ ಇದನ್ನೂ ಹೊತ್ತು ತಂದಿದ್ದರು. “ಕಾಶಿಗೆ ಹೋದವರು ಏನನ್ನಾದರೂ ಬಿಟ್ಟು ಬರುತ್ತಾರೆ, ನೀವು ಕಟ್ಟಿಕೊಂಡು ಬಂದಿರಿ” ಎಂದು ನನ್ನ ತಾಯಿ ಬಹುಕಾಲ ಹಾಸ್ಯ ಮಾಡುತ್ತಿದ್ದುದುಂಟು. ಆದರೂ ಮನೆಯ ಮಕ್ಕಳು ಮೊಮ್ಮಕ್ಕಳೆಲ್ಲರೂ ಅದರ ಮೇಲೆಯೇ ಅಂಬೆಗಾಲಿಟ್ಟವರು.

ಕಳೆದ ವರ್ಷ ಮಗಳ ನಿಶ್ಚಿತಾರ್ಥ ಗೊತ್ತಾಯಿತು. ಬೀಗರು ಬಂದು ಕೂರುವ ಜಾಗ ಹಸನಾಗಿರಲೆಂದು ಗಂಬಳಿಯನ್ನು ತೊಳೆಯಿಸುವ ಏರ್ಪಾಡು ಮಾಡಿದೆವು. ನಗರದ ಒಂದು ಕಂಪೆನಿಗೆ ಫೋನ್ ಮಾಡಿದ ಮರುದಿನವೇ ಸಮವಸ್ತ್ರ ತೊಟ್ಟ ಇಬ್ಬರು ಹುಡುಗರು ಯಂತ್ರವೊಂದನ್ನು ಹೊತ್ತುಕೊಂಡು ಬಂದರು. ಯಂತ್ರ ಗುಡುಗಿತು, ನೊರೆ ಎದ್ದಿತು, ಮನೆಯೆಲ್ಲ ನಿಂಬೆಯ ಪರಿಮಳ ಹಬ್ಬಿತು. ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. ಹುಡುಗರು ವಿನಯವಂತರು. ಅವರಿಗೆ ಕಾಫಿ ಕೊಟ್ಟು, ಕೇಳಿದ ಹಣದ ಮೇಲೆ ಒಂದಿಷ್ಟು ಭಕ್ಷೀಸನ್ನೂ ಕೊಟ್ಟು ಕಳುಹಿಸಿದೆವು.

ಗಂಬಳಿ ಆರುತ್ತ ಬಂದ ಹಾಗೆ ಬಳ್ಳಿಯ ಕೆಂಪು ಪಕ್ಕದ ಕೆನೆಬಣ್ಣಕ್ಕೆ ಹರಿದಿರುವುದು ಕಂಡಿತು. ನಾಲ್ಕನೆಯ ದಿನ ಒಂದು ಮೂಲೆಯಲ್ಲಿ ಚಹಾ ಚೆಲ್ಲಿದಂತೆ ಕಂದುಬಣ್ಣ ಮೂಡಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ ನಡೆದಾಡುವ ಜಾಗವೆಲ್ಲ ತೊಳೆಯುವುದಕ್ಕಿಂತ ಮೊದಲು ಇದ್ದುದಕ್ಕಿಂತಲೂ ಹೆಚ್ಚು ಕೊಳೆಯಾಯಿತು. ಕಂಪೆನಿಯವರನ್ನು ಕೇಳಿದರೆ ಬಂದ ಉತ್ತರ ಇಷ್ಟೆ: “ಆ ಹುಡುಗರು ಕೆಲಸ ಬಿಟ್ಟುಹೋದರು ಸಾರ್. ಬೇರೆ ಹುಡುಗರನ್ನು ಕಳುಹಿಸೋಣವೇ?”

ನನಗೆ ಸಿಟ್ಟು ಬಂದುದು ನಿಜ. ಆದರೆ ಸಿಟ್ಟಿಳಿದ ಮೇಲೆ ಆ ಉತ್ತರವೇ ನನ್ನನ್ನು ಕಾಡತೊಡಗಿತು. ನೆಲಹಾಸು ತೊಳೆಯುವುದು ಯಾರು ಬಂದರೂ ಮಾಡಬಹುದಾದ ಕೂಲಿಯೋ, ಅಥವಾ ಬಡಗಿಯದೋ ಅಕ್ಕಸಾಲಿಯದೋ ಇದ್ದಂತೆ ಕಲಿತು ಮಾಡಬೇಕಾದ ಕಸುಬೋ? ಕಸುಬೇ ಆದರೆ, ವರ್ಷಕ್ಕೆರಡು ಬಾರಿ ಹುಡುಗರು ಬದಲಾಗುವ ಈ ಕಾಲದಲ್ಲಿ ಅದು ಉಳಿಯುವುದು ಯಾರ ಕೈಯಲ್ಲಿ?

ಮುಖವಲ್ಲ, ಬೆನ್ನು

ದಂಡಿನ ಕಡೆಯ ಒಂದು ಸಂದಿಯಲ್ಲಿ ಗಂಬಳಿ ತೊಳೆಯುವ ಹಳಬರೊಬ್ಬರಿದ್ದಾರೆಂದು ನೆರೆಮನೆಯವರು ಹೇಳಿದರು. ಮಿರ್ಜಾಪುರದ ಕಡೆಯವರು, ಬೆಂಗಳೂರಿಗೆ ಬಂದು ನಾಲ್ವತ್ತು ವರ್ಷಗಳಾಗಿವೆಯಂತೆ. ಅಲ್ಲಿ ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಾರೆ. ಗಂಬಳಿಯನ್ನು ಆಟೋದಲ್ಲಿ ಹಾಕಿಕೊಂಡು ನಾನೂ ನನ್ನ ಪತ್ನಿಯೂ ಹೋದೆವು. ಇಳಿಜಾರಾಗಿ ಗಾರೆ ಹಾಕಿದ ಅಂಗಳ, ಒಂದು ತೊಟ್ಟಿ, ಬಿದಿರಿನ ಗಳುಗಳು. ಯಂತ್ರವೆಂದರೆ ಒಂದೇ ಒಂದು, ಅದೂ ನೀರನ್ನು ಹೀರುವಂಥದು.

ಅವರು ಮೊದಲು ಮಾಡಿದ ಕೆಲಸವೆಂದರೆ ಗಂಬಳಿಯನ್ನು ಬೋರಲು ಹಾಕಿದುದು.

“ಮುಖ ನೋಡುವುದು ಕೊಳ್ಳುವವರು ಸ್ವಾಮಿ. ನಾವು ಬೆನ್ನು ನೋಡುತ್ತೇವೆ” ಎಂದರು.

ಬೆನ್ನಿನಲ್ಲಿ ಇರುವುದು ಗಂಬಳಿಯ ಜಾತಕ. ಹತ್ತಿಯ ಹಾಸುನೂಲಿನ ಮೇಲೆ ಉಣ್ಣೆಯ ಎಳೆಗಳನ್ನು ಒಂದೊಂದಾಗಿ ಗಂಟು ಹಾಕಿದ್ದರೆ ಅದು ಕೈಗಂಟಿನ ಗಂಬಳಿ. ಬೆನ್ನಿಗೆ ಬಟ್ಟೆಯೊಂದನ್ನು ರಬ್ಬರ್ ಹಾಲಿನಿಂದ ಅಂಟಿಸಿದ್ದರೆ ಅದು ಬಂದೂಕಿನಾಕಾರದ ಉಪಕರಣದಿಂದ ಎಳೆ ತೂರಿಸಿ ಮಾಡಿದ್ದು; ಅದನ್ನು ನೀರಿನಲ್ಲಿ ನೆನೆಹಾಕಿದರೆ ಅಂಟು ಸಡಿಲವಾಗಿ, ದುರ್ವಾಸನೆ ಹುಟ್ಟಿ, ಗಂಬಳಿ ಎರಡಾಗಿ ಬಿಚ್ಚಿಕೊಳ್ಳುವ ಭಯವುಂಟು. ಇನ್ನು ‘ರೇಷ್ಮೆ’ ಎಂದು ಮಾರುವ ಅನೇಕ ಹೊಳಪಿನ ಗಂಬಳಿಗಳು ವಾಸ್ತವವಾಗಿ ಮರದ ತಿರುಳಿನಿಂದ ತೆಗೆದ ವಿಸ್ಕೋಸ್ ನೂಲು. ಅದು ಒದ್ದೆಯಾದಾಗ ತನ್ನ ಬಲವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಉಜ್ಜಿದರೆ ಹೊಳಪು ಹೋಗಿ ಹಳದಿಗಟ್ಟುತ್ತದೆ. ಸಂಶಯ ಬಂದಾಗ ಉಸ್ತಾದರು ಅಂಚಿನಿಂದ ಒಂದೆಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿಯುತ್ತಾರೆ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ ಅಥವಾ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ ಅಥವಾ ವಿಸ್ಕೋಸ್.

ನೀರು ಮುಟ್ಟಿಸುವ ಮುನ್ನವೇ ಇಷ್ಟು ಪರೀಕ್ಷೆ. ನಮ್ಮ ಮನೆಗೆ ಬಂದ ಹುಡುಗರು ಗಂಬಳಿಯ ಮೂಲೆಯನ್ನು ಕೂಡ ಮಗುಚಿ ನೋಡಿರಲಿಲ್ಲ. ಪಾಪ, ನೋಡಬೇಕೆಂದು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ.

ಬಳಿಕ ಗಂಬಳಿಯನ್ನು ಬೋರಲಾಗಿಯೇ ಇಟ್ಟು ಒಬ್ಬ ಹುಡುಗ ಬೆತ್ತದಿಂದ ಮೆಲ್ಲಗೆ ಬಡಿಯತೊಡಗಿದ. ಅದನ್ನು ಎತ್ತಿದಾಗ ನೆಲದ ಮೇಲೆ ಬಿದ್ದಿದ್ದ ಮರಳನ್ನು ಕಂಡು ನನ್ನ ಪತ್ನಿಗೆ ನಾಚಿಕೆಯಾಯಿತು. ಅದು ಒಂದು ಬೊಗಸೆಯಲ್ಲ, ಎರಡು ಬೊಗಸೆ.

“ಆ ದಿನ ಅವರು ಮೊದಲು ಧೂಳು ಹೊಡೆದಿದ್ದರೇನಮ್ಮಾ?”

“ಇಲ್ಲ, ನೇರವಾಗಿ ನೊರೆ ಹಾಕಿದರು.”

“ಹಾಗಾದರೆ ಅವರು ತೊಳೆಯಲಿಲ್ಲ, ಕೆಸರು ಮಾಡಿದರು” ಎಂದರು ಉಸ್ತಾದರು.

ಗಂಬಳಿಯ ನಿಜವಾದ ಶತ್ರು ಮೇಲಿನ ಕಲೆಯಲ್ಲ, ಬುಡದಲ್ಲಿ ಕೂತ ಈ ಮರಳು. ನಾವು ನಡೆದಾಡಿದಾಗಲೆಲ್ಲ ಅದರ ಚೂಪಾದ ಕಣಗಳು ಎಳೆಗಳನ್ನು ಬುಡದಲ್ಲಿ ಕೊಯ್ಯುತ್ತಿರುತ್ತವೆ. ಒಣಗಿರುವಾಗ ಉದುರುವ ಧೂಳು ಒದ್ದೆಯಾದ ಮೇಲೆ ಬಿಡುವುದಿಲ್ಲ. ಆದುದರಿಂದಲೇ ಬಲ್ಲವರ ಕೈಯಲ್ಲಿ ತೊಳೆಯುವ ಕೆಲಸದ ದೊಡ್ಡ ಭಾಗ ನೀರಿಲ್ಲದೆ ನಡೆಯುತ್ತದೆ.

ಉಣ್ಣೆಯ ಗುಣ, ಬಣ್ಣದ ಗುಣ

ನಮ್ಮ ಗೃಹಿಣಿಯರಿಗೆ ಈ ವಿದ್ಯೆಯ ಅರ್ಧ ಭಾಗ ಗೊತ್ತೇ ಇದೆ. ರೇಷ್ಮೆ ಸೀರೆಯನ್ನು ಅವರು ಸೋಡಾ ಹಾಕಿ ಒಗೆಯುವುದಿಲ್ಲ. ಅಂಟುವಾಳದ ನೊರೆಯಲ್ಲಿ ಮೃದುವಾಗಿ ಅದ್ದಿ ತೆಗೆಯುತ್ತಾರೆ. ರೇಷ್ಮೆಯಂತೆ ಉಣ್ಣೆಯೂ ಪ್ರಾಣಿಜನ್ಯ ನಾರು. ನಮ್ಮ ಕೂದಲು, ಉಗುರುಗಳಿರುವ ಕೆರಾಟಿನ್ ಎಂಬ ಪ್ರೋಟೀನೇ ಅದರ ಮೈ. ಇದಕ್ಕೆ ಕ್ಷಾರವೆಂದರೆ ಆಗದು. ಹತ್ತಿ ಬಟ್ಟೆಗೆ ಒಗ್ಗುವ ಸಾಮಾನ್ಯ ಸಾಬೂನುಪುಡಿಯೂ ವಾಷಿಂಗ್ ಸೋಡಾವೂ ಉಣ್ಣೆಯನ್ನು ಒರಟುಮಾಡಿ, ಅದಕ್ಕೆ ಕಚ್ಚಿಕೊಂಡಿದ್ದ ಬಣ್ಣವನ್ನೂ ಸಡಿಲಿಸುತ್ತವೆ. ತೊಳೆದಾದ ಮೇಲೆ ಸ್ವಲ್ಪ ವಿನೆಗರ್ ಬೆರೆಸಿದ ನೀರಿನಿಂದ ಜಾಲಿಸುವುದು ಆ ಕ್ಷಾರವನ್ನು ತಣಿಸುವುದಕ್ಕಾಗಿಯೇ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಕೈಗೆ ಒದ್ದೆಯೆನಿಸುವುದಿಲ್ಲ. ಹೊಸ ಕೆಲಸಗಾರ ಮೋಸಹೋಗುವುದು ಇಲ್ಲಿಯೇ: ಮುಟ್ಟಿ ನೋಡಿ ಒಣಗಿತೆನ್ನುತ್ತಾನೆ, ಒಳಗಿನ ಹತ್ತಿಯ ನೂಲು ಇನ್ನೂ ನೆನೆದಿರುತ್ತದೆ. ಆ ನೀರು ನಿಧಾನವಾಗಿ ಮೇಲೇರಿ ಆವಿಯಾಗುವಾಗ ಹತ್ತಿಯಲ್ಲಿದ್ದ ಕಂದು ಅಂಶವನ್ನೂ ತಳದ ಕೊಳೆಯನ್ನೂ ಎಳೆಗಳ ತುದಿಗೆ ತಂದು ಬಿಡುತ್ತದೆ. ನಮ್ಮ ಮನೆಯ ‘ಚಹಾ ಕಲೆ’ಯ ರಹಸ್ಯ ಇದು. ಎರಡು ತಿಂಗಳಲ್ಲಿ ಮತ್ತೆ ಕೊಳೆಯಾದುದಕ್ಕೆ ಕಾರಣವೂ ಹೀಗೆಯೇ ಸರಳ. ಜಾಲಿಸದೆ ಬಿಟ್ಟ ಸಾಬೂನು ಅಂಟಾಗಿ ನಿಂತು ಪ್ರತಿಯೊಂದು ಪಾದದ ಧೂಳನ್ನೂ ಹಿಡಿದಿಟ್ಟುಕೊಂಡಿತು.

ನಮ್ಮ ಹಳ್ಳಿಗಳಲ್ಲಿ ಕರಿ ಕಂಬಳಿಯನ್ನು ಹಿರಿಯರು ಒಗೆಯುವುದಕ್ಕಿಂತ ಬಿಸಿಲಿಗೆ ಹಾಕಿ ಕೊಡಹುತ್ತಿದ್ದುದೇ ಹೆಚ್ಚು. ಕಂಬಳಿ ನೇಯುವವರು ಅದಕ್ಕೆ ಹುಣಸೆಬೀಜದ ಗಂಜಿ ಕೊಟ್ಟಿರುತ್ತಾರೆ; ನೆನೆಹಾಕಿ ಉಜ್ಜಿದರೆ ಆ ಬಿಗಿ ಹೋಗುತ್ತದೆ. ಅದೇ ನವಲಗುಂದದ ಹೆಂಗಸರು ನೇಯುವ ಜಮಖಾನೆಯದು ಅಪ್ಪಟ ಹತ್ತಿ. ಅದರ ಆರೈಕೆಯೇ ಬೇರೆ. ಹಾಸುವ ವಸ್ತುಗಳೆಲ್ಲ ಒಂದೇ ಎಂದು ಭಾವಿಸುವವನು ಮೊದಲ ಹೆಜ್ಜೆಯಲ್ಲೇ ಎಡವುತ್ತಾನೆ.

ಬಣ್ಣದ ಕಥೆ ಇನ್ನೂ ಸ್ವಾರಸ್ಯದ್ದು. 1856ರಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟು ವರ್ಷದ ಇಂಗ್ಲಿಷ್ ಹುಡುಗ, ಮಲೇರಿಯಕ್ಕೆ ಔಷಧಿಯಾದ ಕ್ವಿನೈನನ್ನು ತಯಾರಿಸಲು ಹೋಗಿ ಆಕಸ್ಮಿಕವಾಗಿ ನೇರಳೆಯ ಕೃತಕ ಬಣ್ಣವೊಂದನ್ನು ಕಂಡುಹಿಡಿದ. ಅದರ ಹಿಂದೆ ಬಂದ ಅಗ್ಗದ ಬಣ್ಣಗಳು ಕೆಲವೇ ದಶಕಗಳಲ್ಲಿ ಪರ್ಷಿಯದ ಮಗ್ಗಗಳನ್ನು ಮುಟ್ಟಿದವು. ಮಂಜಿಷ್ಠದ ಕೆಂಪು, ನೀಲಿಗಿಡದ ನೀಲಿ ಇದ್ದಲ್ಲಿ ನೀರು ಸೋಕಿದೊಡನೆ ಹರಿಯುವ, ಬಿಸಿಲಿಗೆ ಬಿಳಿಚುವ ಬಣ್ಣಗಳು ಬಂದು ಕೂತವು. ಗಂಬಳಿಗಳ ಹೆಸರೇ ಕೆಡುವುದೆಂದು ಹೆದರಿದ ಅಲ್ಲಿನ ಸರ್ಕಾರ 19ನೆಯ ಶತಮಾನದ ಕೊನೆಯಲ್ಲಿ ಅವುಗಳನ್ನು ತಡೆಯಲು ಯತ್ನಿಸಬೇಕಾಯಿತು. ಇಂದಿನ ಕೃತಕ ಬಣ್ಣಗಳಲ್ಲಿ ಗಟ್ಟಿಯಾದವು ಬೇಕಾದಷ್ಟಿವೆ, ನಿಜ. ಆದರೆ ಎದುರಿಗಿರುವ ಗಂಬಳಿಯ ಕೆಂಪು ಯಾವ ಕುಲದ್ದೆಂದು ನೋಡಿದ ಮಾತ್ರಕ್ಕೆ ಹೇಳಲಾಗದು. ಬಿಳಿಯ ಒದ್ದೆ ಬಟ್ಟೆಯನ್ನು ಒಂದೊಂದು ಬಣ್ಣದ ಮೇಲೂ ಒತ್ತಿ ಹಿಡಿದು ನೋಡಬೇಕು. ಹಿಡಿಯಬೇಕಾದುದು ಕೆಲವೇ ನಿಮಿಷ. ಆ ಕೆಲವು ನಿಮಿಷಗಳಿಲ್ಲದೆ ನನ್ನ ತಂದೆಯವರ ಗಂಬಳಿ ಕೆಟ್ಟಿತು.

ಯಂತ್ರ ಬಂದ ಬಗೆ

ಹಾಗೆಂದು ಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಧೂಳು ಹೀರುವ ಯಂತ್ರದ ಹುಟ್ಟೇ ಒಂದು ರಸವತ್ತಾದ ಪ್ರಸಂಗ. 1901ರಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಇಂಗ್ಲಿಷ್ ಇಂಜಿನಿಯರ್, ಗಾಳಿಯೂದಿ ಧೂಳೆಬ್ಬಿಸುವ ಯಂತ್ರವೊಂದರ ಪ್ರದರ್ಶನವನ್ನು ನೋಡಿದನಂತೆ. ಊದುವ ಬದಲು ಹೀರಬಾರದೇಕೆ ಎಂದು ಅವನ ತಲೆಗೆ ಹೊಳೆಯಿತು. ಹೋಟೆಲೊಂದರಲ್ಲಿ ಕುರ್ಚಿಯ ಮೆತ್ತೆಯ ಮೇಲೆ ತನ್ನ ಕರವಸ್ತ್ರವನ್ನಿಟ್ಟು, ಅದಕ್ಕೆ ಬಾಯಿ ಹಚ್ಚಿ ಉಸಿರೆಳೆದ. ಕರವಸ್ತ್ರದ ಕೆಳಭಾಗದಲ್ಲಿ ಕಪ್ಪು ಧೂಳು ಅಂಟಿತ್ತು! ಅವನು ಕಟ್ಟಿದ ಮೊದಲ ಯಂತ್ರ ಕುದುರೆಗಾಡಿಯಷ್ಟು ದೊಡ್ಡದು. ಬೀದಿಯಲ್ಲಿ ನಿಂತು ಕಿಟಕಿಯ ಮೂಲಕ ಕೊಳವೆಗಳನ್ನು ಮನೆಯೊಳಗೆ ಹಾಯಿಸುತ್ತಿತ್ತು. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕಾಗಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಿಂಹಾಸನದಡಿಯ ಹಾಸನ್ನು ಶುಚಿಗೊಳಿಸಿದುದು ಈ ಯಂತ್ರವೇ. ಸಿರಿವಂತ ಮನೆಯ ಹೆಂಗಸರು ಅದನ್ನು ತೋರಿಸಲು ಗೆಳತಿಯರನ್ನು ಚಹಾಕ್ಕೆ ಕರೆಯುತ್ತಿದ್ದರು; ಧೂಳು ಹರಿದುಹೋಗುವುದು ಕಾಣಲೆಂದು ಬೂತ್ ಕೆಲವು ಕಡೆ ಪಾರದರ್ಶಕ ಕೊಳವೆಗಳನ್ನೂ ಜೋಡಿಸಿದ್ದ.

ಜಾಣ ಮನುಷ್ಯ. ಗಿರಾಕಿಗೆ ಕಾಣುವುದಕ್ಕೇ ಬೆಲೆ ಎಂಬುದನ್ನು ಅವನು ಆಗಲೇ ತಿಳಿದಿದ್ದ. ಈ ಕಸುಬಿನ ಸಂಕಟವೂ ಅಲ್ಲಿಯೇ ಇದೆ. ನೊರೆ ಕಾಣುತ್ತದೆ, ಪರಿಮಳ ಮೂಗಿಗೆ ಬಡಿಯುತ್ತದೆ. ಮೂರು ಬಾರಿ ಜಾಲಿಸಿದನೇ, ಒಮ್ಮೆ ಜಾಲಿಸಿದನೇ ಎಂಬುದು ಕಾಣುವುದಿಲ್ಲ. ಕೆಟ್ಟ ದೋಸೆ ಹುಯ್ದವನ ತಪ್ಪು ತಟ್ಟೆಯಲ್ಲೇ ಗೊತ್ತಾಗುತ್ತದೆ. ಕೆಟ್ಟದಾಗಿ ಗಂಬಳಿ ತೊಳೆದವನ ತಪ್ಪು ಹಣ ಎಣಿಸಿಕೊಟ್ಟು ಅವನು ಬೀದಿ ದಾಟಿದ ಮೇಲೆ, ಎಷ್ಟೋ ದಿನಗಳ ಅನಂತರ, ತಲೆ ಎತ್ತುತ್ತದೆ.

ಮತ್ತೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಕಚೇರಿಗಳ ಉದ್ದನೆಯ ನೆಲಕ್ಕೆ ಅಂಟಿಸಿದ ನೈಲಾನ್ ಹಾಸನ್ನು ಶುಚಿಮಾಡಲು ಉಸ್ತಾದರೇ ಬೇಕೆಂದಿಲ್ಲ. ಯಂತ್ರ ನಡೆಸುವುದನ್ನು ಚುರುಕಿನ ಹುಡುಗ ಬೇಗನೆ ಕಲಿಯಬಲ್ಲ. ಅಮೆರಿಕದಲ್ಲಿ ಈ ಕೆಲಸಕ್ಕೆ ಪಾಠ, ಪರೀಕ್ಷೆ, ಪ್ರಮಾಣಪತ್ರಗಳನ್ನು ಗೊತ್ತುಮಾಡುವ ಸಂಸ್ಥೆಯೇ 1972ರಲ್ಲಿ ಹುಟ್ಟಿತು. ಆದರೆ ಇದು ನೈಲಾನ್, ಇದು ವಿಸ್ಕೋಸ್, ಇದಕ್ಕೆ ಕೈ ಹಾಕಬಾರದು ಎಂದು ಬಾಗಿಲಲ್ಲೇ ನಿಂತು ಗುರುತಿಸುವುದು ಯಂತ್ರದ ಗುಂಡಿಯಲ್ಲಿಲ್ಲ.

ಇರಾನಿನಲ್ಲಿ ಹೊಸವರ್ಷದ ನೌರೂಜ್ ಹಬ್ಬಕ್ಕೆ ಮೊದಲು ಮನೆಯನ್ನೇ ‘ಕೊಡಹುವ’ ಪದ್ಧತಿಯುಂಟು. ಗಂಬಳಿಗಳ ಸ್ನಾನ ಆ ಸಡಗರದ ದೊಡ್ಡ ಭಾಗ. ತೆಹರಾನಿನ ಬಳಿಯ ರೇ ಎಂಬ ಪುರಾತನ ನಗರದ ಚಷ್ಮೆ ಅಲಿ ಚಿಲುಮೆಯಲ್ಲಿ ಗಂಬಳಿ ತೊಳೆದು ಬಂಡೆಗಳ ಮೇಲೆ ಹರವುವುದು ಬಹುಕಾಲದ ವಾಡಿಕೆಯಾಗಿತ್ತು. ಕಾಶಾನಿನ ಬಳಿಯ ಮಷ್‌ಹದ್-ಎ-ಅರ್ದೆಹಾಲ್‌ನಲ್ಲಿ ಸಂತನೊಬ್ಬನ ಸ್ಮರಣೆಗಾಗಿ ವರ್ಷಕ್ಕೊಮ್ಮೆ ಗಂಬಳಿಯನ್ನು ಮೆರವಣಿಗೆಯಲ್ಲಿ ಹೊಳೆಗೆ ಒಯ್ದು ತೊಳೆಯುತ್ತಾರೆ. ಈ ಆಚರಣೆಯನ್ನು ಯುನೆಸ್ಕೋ 2012ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ದೇಶದ ಭದೋಹಿ–ಮಿರ್ಜಾಪುರದ ಸೀಮೆಯಲ್ಲಂತೂ ತೊಳೆತವಿಲ್ಲದೆ ಗಂಬಳಿ ಹುಟ್ಟುವುದೇ ಇಲ್ಲ. ಮಗ್ಗದಿಂದ ಇಳಿದ ಗಂಬಳಿಯನ್ನು ತೊಳೆದು, ಮರದ ಹಲಗೆಗಳಿಂದ ನೀರನ್ನು ತಳ್ಳಿ, ಬಿಗಿಯಾಗಿ ಎಳೆದು ಒಣಗಿಸಿ, ಎಳೆಗಳನ್ನು ಕತ್ತರಿಸಿ ಸಮಮಾಡಿದ ಮೇಲೆಯೇ ಅದರ ಬಣ್ಣ ಕಳೆಗಟ್ಟುವುದು. ಭದೋಹಿಯಲ್ಲಿ ಗಂಬಳಿ ತಂತ್ರಜ್ಞಾನಕ್ಕೆ ಇಂಜಿನಿಯರ್ ಪದವಿ ಕೊಡುವ ಕಾಲೇಜೂ ಇದೆ. ತೊಳೆಯುವವನು ಮಾತ್ರ ಇಂದಿಗೂ ಹೆಚ್ಚಾಗಿ ಅಂಗಳದಲ್ಲೇ ಕಲಿಯುವವನು.

ಚದರಡಿಯ ಲೆಕ್ಕ

“ನಿಮ್ಮಲ್ಲಿ ಹುಡುಗರ ಕೆಲಸ ಕೆಡದಂತೆ ಹೇಗೆ ನೋಡಿಕೊಳ್ಳುತ್ತೀರಿ ಉಸ್ತಾದರೇ?” ಎಂದು ಕೇಳಿದೆ.

ಅವರು ಅಂಗಳದ ಮೂಲೆಯಲ್ಲಿದ್ದ ಗಾಜಿನ ಲೋಟವನ್ನು ತೋರಿಸಿದರು. ಜಾಲಿಸಿದ ಕೊನೆಯ ನೀರನ್ನು ಅದರಲ್ಲಿ ಹಿಡಿದು ಬೆಳಕಿಗೆ ಒಡ್ಡಬೇಕು. ತಿಳಿಯಾಗಿದ್ದರೆ ಮುಗಿಯಿತು, ಮಂಕಾಗಿದ್ದರೆ ಇನ್ನೊಮ್ಮೆ. ಲೋಟ ನೋಡುವವರು ಉಸ್ತಾದರಲ್ಲ, ತೊಳೆದ ಹುಡುಗನೇ. ಪ್ರತಿ ಗಂಬಳಿಗೂ ಒಂದು ಬಟ್ಟೆಯ ಚೀಟಿ ಹೊಲಿದಿರುತ್ತದೆ; ಅದರ ಮೇಲೆ ತೊಳೆದವನ ಗುರುತು. ಆ ಗಂಬಳಿ ಮುಂದಿನ ವರ್ಷ ಬಂದರೆ ಅದೇ ಕೈಗೆ ಹೋಗುತ್ತದೆ. ತನ್ನ ತಪ್ಪನ್ನು ಅವನೇ ಕಣ್ಣಾರೆ ಕಾಣಲಿ ಎಂಬುದು ಉದ್ದೇಶ.

ಹೊಸ ಹುಡುಗನಿಗೆ ಮೊದಲ ಕೆಲವು ತಿಂಗಳು ಧೂಳು ಹೊಡೆಯುವುದು ಬಿಟ್ಟು ಬೇರೆ ಕೆಲಸವಿಲ್ಲ. ಆಮೇಲೆ ಬೆನ್ನು ಓದುವುದು. ನೀರು ಕಡೆಗೆ. ಎಲ್ಲರಿಗೂ ತಿಂಗಳ ಸಂಬಳ. ಚದರಡಿಗೆ ಇಷ್ಟೆಂಬ ಲೆಕ್ಕ ಗಿರಾಕಿಗೆ ಮಾತ್ರ, ಕೆಲಸಗಾರನಿಗಲ್ಲ. “ಚದರಡಿಯ ಮೇಲೆ ಕೂಲಿ ಕೊಟ್ಟರೆ, ಜಾಲಿಸುವ ಪ್ರತಿಯೊಂದು ಬಿಂದಿಗೆಯೂ ಅವನ ಹೊಟ್ಟೆಯಿಂದ ಹೋದಂತೆ” ಎಂದರು. ಬಣ್ಣ ಹರಿಯತೊಡಗಿದ ಕೂಡಲೇ ಕೂಗಿ ಹೇಳುವ ಹುಡುಗನ ಸಂಬಳದಲ್ಲಿ ಕಾಸೂ ಕಡಿತವಿಲ್ಲ. ಮುಚ್ಚಿಟ್ಟವನಿಗೆ ಮಾತ್ರ ಅಲ್ಲಿ ಜಾಗವಿಲ್ಲ. ಹರಿದ ಬಣ್ಣವನ್ನು ಒದ್ದೆಯಿರುವಾಗಲೇ ತಡೆಯಬಹುದು. ಒಣಗಿದ ಮೇಲೆ ದೇವರೇ ಬರಬೇಕು.

ನನಗೆ ಎಡ್ವರ್ಡ್ಸ್ ಡೆಮಿಂಗ್ ನೆನಪಾದರು. ಎರಡನೆಯ ಮಹಾಯುದ್ಧದ ಬಳಿಕ ಜಪಾನಿನ ಕಾರ್ಖಾನೆಗಳಿಗೆ ಗುಣಮಟ್ಟದ ಪಾಠ ಹೇಳಿಕೊಟ್ಟ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಅವರು. ವ್ಯವಸ್ಥಾಪಕರಿಗೆಂದು ಬರೆದ ಹದಿನಾಲ್ಕು ಸೂತ್ರಗಳಲ್ಲಿ ಅವರು, ಕೊನೆಯಲ್ಲಿ ತಪಾಸಣೆ ಮಾಡಿ ಗುಣವನ್ನು ತರಲಾಗದು, ಕೆಲಸಗಾರರ ಮನಸ್ಸಿನಿಂದ ಭಯವನ್ನು ಹೊರಗಟ್ಟಿರಿ, ಸಂಖ್ಯೆಯ ಗುರಿಗಳನ್ನು ಹೇರಬೇಡಿರಿ ಎಂದು ಹೇಳಿದ್ದರು. ಉಸ್ತಾದರು ಡೆಮಿಂಗರ ಹೆಸರು ಕೇಳಿದವರಲ್ಲ. ಹೇಳಿದರೆ, ಅವರು ಯಾವ ಊರಿನ ಗಂಬಳಿಯವರು ಎಂದು ಕೇಳಿಯಾರು!

ಆದರೆ ಉಸ್ತಾದರ ಅಂಗಳದಲ್ಲಿಯೂ ಎಲ್ಲವೂ ಸುಖವಾಗಿಲ್ಲ. ಅವರೊಡನೆ ಆರು ವರ್ಷಗಳಿಂದ ಇರುವ ಹುಡುಗನೊಬ್ಬನಿದ್ದಾನೆ. ಬೆರಳಾಡಿಸಿಯೇ ಉಣ್ಣೆಯ ಒಳತೇವವನ್ನು ಹೇಳಬಲ್ಲವನು. ಮೋಟಾರ್ ಸೈಕಲಿನಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸದಲ್ಲಿ ಅವನ ಜೊತೆಗಾರರು ಇವನಿಗಿಂತ ಹೆಚ್ಚು ಸಂಪಾದಿಸುತ್ತಾರೆ. “ಕೈ ಒಣಗಿರುತ್ತದಲ್ಲ ಸ್ವಾಮಿ, ಆ ಕೆಲಸದಲ್ಲಿ” ಎಂದು ಉಸ್ತಾದರು ನಕ್ಕರು. ಸಂಬಳ ಏರಿಸಬೇಕೆಂದರೆ ದರ ಏರಿಸಬೇಕು; ದರ ಏರಿಸಿದರೆ ಗಿರಾಕಿಗಳು ಮುಕ್ಕಾಲು ಗಂಟೆಯ ಕಂಪೆನಿಗೆ ಫೋನ್ ಮಾಡುತ್ತಾರೆ. ನಾವೂ ಅದನ್ನೇ ಮಾಡಿದವರಲ್ಲವೇ? ಫೋನ್ ಮಾಡಿದ ದಿನ ನಾನು ಕೇಳಿದುದು ಎರಡೇ ಪ್ರಶ್ನೆ: ಚದರಡಿಗೆ ಎಷ್ಟು, ಎಷ್ಟು ಹೊತ್ತು ಹಿಡಿಯುತ್ತದೆ. ಹುಡುಗರು ಯಾರು, ಎಷ್ಟು ಕಾಲದಿಂದ ಇದ್ದಾರೆ ಎಂದು ಕೇಳಲು ನನಗೂ ತೋಚಿರಲಿಲ್ಲ.

ಲೆಕ್ಕ ಹಾಕಿ ನೋಡಿದೆ. ನಮ್ಮ ಗಂಬಳಿಯ ಬೆನ್ನಿನಲ್ಲಿ ಚದರ ಅಂಗುಲಕ್ಕೆ ಸುಮಾರು ನೂರು ಗಂಟುಗಳಿವೆ. ಒಟ್ಟು ಏಳೂಮುಕ್ಕಾಲು ಲಕ್ಷ. ದಿನಕ್ಕೆ ಹತ್ತು ಸಾವಿರ ಗಂಟು ಹಾಕುವ ಚುರುಕಿನ ನೇಕಾರನಿಗೂ ಅದು ಎರಡೂವರೆ ತಿಂಗಳ ದುಡಿಮೆ. ಮುಕ್ಕಾಲು ಗಂಟೆಯಲ್ಲಿ ತೊಳೆಯಿರೆಂದು ನಾನು ಒಪ್ಪಿಸಿದುದು ಅದನ್ನು.

ಹದಿನೈದು ದಿನಗಳ ಮೇಲೆ ಗಂಬಳಿ ಮನೆಗೆ ಬಂದಿತು. ಕಂದು ಕಲೆ ಹೋಗಿತ್ತು, ಎಳೆಗಳು ಮತ್ತೆ ಮೃದುವಾಗಿದ್ದವು. ಹರಿದ ಕೆಂಪನ್ನು ಮಾತ್ರ ಉಸ್ತಾದರು ಮುಟ್ಟಿರಲಿಲ್ಲ. ಅದನ್ನು ತೆಗೆಯುವ ಮದ್ದುಗಳಿವೆ, ಆದರೆ ಅವು ಬಳ್ಳಿಯ ಕೆಂಪನ್ನೂ ತಿನ್ನಬಹುದು. ಇದು ಇಲ್ಲಿಗೇ ನಿಲ್ಲಲಿ ಎಂದು ಹೇಳಿಕಳುಹಿಸಿದ್ದರು, ಆ ಭಾಗಕ್ಕೆ ಹಣವನ್ನೂ ಹಿಡಿದಿರಲಿಲ್ಲ. ಗಂಬಳಿಯನ್ನು ತಂದವನು ಆ ಹುಡುಗನೇ. ಹಾಸುವ ಮುನ್ನ ನೆಲವನ್ನು ಅಂಗೈಯಿಂದ ಸವರಿ ಪಸೆಯಿಲ್ಲವೆಂದು ಖಚಿತಪಡಿಸಿಕೊಂಡ. ಮಗುಚಿದ ಮೂಲೆಯಲ್ಲಿ ಬಟ್ಟೆಯ ಚೀಟಿ ಇತ್ತು.

“ಇದರ ಮೇಲಿರುವುದು ನಿನ್ನ ಗುರುತೇನಪ್ಪಾ?” ಎಂದು ನನ್ನ ಪತ್ನಿ ಕೇಳಿದಳು.

“ಹೌದಮ್ಮ.”

“ಮುಂದಿನ ವರ್ಷವೂ ನೀನೇ ತೊಳೆಯುತ್ತೀಯಷ್ಟೆ?”

ಹುಡುಗ ಚೀಟಿಯನ್ನು ಒಳಗೆ ಮಡಿಸಿ, ಗಂಬಳಿಯ ಮೂಲೆಯನ್ನು ಕಾಲಿನಿಂದಲ್ಲ, ಕೈಯಿಂದ ಒತ್ತಿ ಸರಿಮಾಡಿದ.

“ದೀಪಾವಳಿಯ ತನಕ ಅಲ್ಲೇ ಇರುತ್ತೇನೆ ಅಮ್ಮ” ಎಂದ.